ದರ ಇಳಿಸಿದಾಗ ಯಾರ ಪಾಲು ಇಳಿಯುತ್ತದೆ?

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಟೀ ತೋಟದಲ್ಲಿ ಎಲೆ ಕೀಳುವ ನಮಗೂ ಮೋಟಾರು ಕಾರಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಲೈನುಗಳಲ್ಲಿ ಕಾರು ಇಟ್ಟವರು ಕಡಿಮೆ, ನಿಜ. ಆದರೆ ಕಾರಿನ ಬಿಡಿಭಾಗ ಮಾಡುವವರು ನಮ್ಮ ಮನೆಗಳಲ್ಲೇ ಇದ್ದಾರೆ. ತೋಟದ ಕೂಲಿ ಸಾಲದೆಂದು ಹೊಸೂರಿಗೂ ಕೊಯಮತ್ತೂರಿಗೂ ಹೋದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಬೋಲ್ಟು, ರಬ್ಬರು ಬುಷ್ಷು, ಬ್ರೇಕಿನ ತುಂಡು ಮಾಡುವ ಶೆಡ್ಡುಗಳಲ್ಲಿ ಗುತ್ತಿಗೆ ಆಳುಗಳಾಗಿ ದುಡಿಯುತ್ತಾರೆ. ಹಬ್ಬಕ್ಕೆ ಬಂದಾಗ ಅವರ ಬಾಯಲ್ಲಿ ಬರುವ ಮಾತು ಒಂದೇ: "ಈ ವರ್ಷವೂ ಸಂಬಳ ಏರಿಸಲಿಲ್ಲ. ದೊಡ್ಡ ಕಂಪೆನಿಯವರು ರೇಟು ಇಳಿಸಿದ್ದಾರಂತೆ." ಮಾಲೀಕರು ಹೇಳುವ ಈ ಮಾತು ನೆಪವೋ ನಿಜವೋ? ಇದನ್ನು ಇಂದು ನಾವು ಸ್ವಲ್ಪ ವಿಚಾರಿಸೋಣ.

ಕಾರಿನ ಮೇಲೆ ಒಂದೇ ಕಂಪೆನಿಯ ಹೆಸರು ಇರುತ್ತದೆ. ಆದರೆ ಆ ಕಂಪೆನಿ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಕಾರಿನಲ್ಲಿರುವ ಸಾವಿರಾರು ಬಿಡಿಭಾಗಗಳಲ್ಲಿ ಹೆಚ್ಚಿನವನ್ನು ಹೊರಗಿನ ಕಾರ್ಖಾನೆಗಳಿಂದ ಕೊಂಡು ಜೋಡಿಸುತ್ತದೆ. ಆ ಕಾರ್ಖಾನೆಯೂ ತನ್ನ ಕೆಲಸದಲ್ಲಿ ಒಂದು ಪಾಲನ್ನು ಇನ್ನೂ ಚಿಕ್ಕ ಕಾರ್ಖಾನೆಗೆ ಕೊಡುತ್ತದೆ, ಅದು ಮತ್ತೊಂದಕ್ಕೆ. ಮೇಲಿನಿಂದ ಕೆಳಗೆ ನಾಲ್ಕೈದು ಮೆಟ್ಟಿಲು. ಕೊನೆಯ ಮೆಟ್ಟಿಲಿನಲ್ಲಿ ತಗಡಿನ ಶೆಡ್ಡು, ಎರಡು ಪ್ರೆಸ್ ಯಂತ್ರ, ನಮ್ಮ ಹುಡುಗ. ಕೊಳ್ಳುವವರು ಕೆಲವೇ ಮಂದಿ, ಮಾರುವವರು ನೂರಾರು. ಆದ್ದರಿಂದ ಬೆಲೆ ಹೇಳುವವನು ಕೊಳ್ಳುವವನೇ. ಮುಂದಿನ ವರ್ಷ ಇಷ್ಟು ಶೇಕಡ ಕಡಿಮೆಗೆ ಕೊಡಬೇಕು, ಅದರ ಮುಂದಿನ ವರ್ಷ ಇನ್ನೂ ಇಷ್ಟು ಎಂದು ಒಪ್ಪಂದದಲ್ಲೇ ಬರೆಯಿಸಿಕೊಳ್ಳುವ ಪದ್ಧತಿ ಈ ಉದ್ಯಮದಲ್ಲಿ ಲೋಕವೆಲ್ಲ ನಡೆದಿದೆ. ಕಬ್ಬಿಣದ ಬೆಲೆ ಏರಲಿ, ಅಕ್ಕಿಯ ಬೆಲೆ ಏರಲಿ, ಬಿಡಿಭಾಗದ ಬೆಲೆ ಮಾತ್ರ ಇಳಿಯಬೇಕು.

ಇದರಲ್ಲಿ ಹೆಸರು ಮಾಡಿದವರು ಸ್ಪೇನ್ ದೇಶದ ಇಗ್ನಾಸಿಯೋ ಲೋಪೆಜ್ ಎಂಬವರು. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 1991ರಲ್ಲಿ 400 ಕೋಟಿ ಡಾಲರಿಗೂ ಮಿಕ್ಕ ನಷ್ಟ ಅನುಭವಿಸಿತ್ತು. 1992ರಲ್ಲಿ ಅದರ ಖರೀದಿ ವಿಭಾಗಕ್ಕೆ ಲೋಪೆಜ್ ಮುಖ್ಯಸ್ಥರಾಗಿ ಬಂದರು. ಇದ್ದ ಒಪ್ಪಂದಗಳನ್ನು ಬದಿಗಿಟ್ಟು, ಬಿಡಿಭಾಗದವರನ್ನು ಮತ್ತೆ ಮತ್ತೆ ಕರೆದು ದರ ಕೇಳಿದರು. ಹತ್ತು ಶೇಕಡಕ್ಕಿಂತ ಹೆಚ್ಚು ಇಳಿಸಿರೆಂದು ಒತ್ತಾಯ ಮಾಡಿದರು. ಕಂಪೆನಿಗೆ ಲಾಭ ಬರುವ ತನಕ ಕೈಗಡಿಯಾರವನ್ನು ಬಲಗೈಗೆ ಕಟ್ಟಿಕೊಳ್ಳಿರೆಂದು ತಮ್ಮ ಕೈಕೆಳಗಿನವರಿಗೆ ಅಪ್ಪಣೆ ಮಾಡಿದ್ದರಂತೆ! 1993ರಲ್ಲಿ ಅವರು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಗೆ ಹೋದರು. ಗುಟ್ಟಿನ ಕಾಗದಪತ್ರಗಳನ್ನು ಜೊತೆಗೆ ಒಯ್ದರೆಂದು ಜನರಲ್ ಮೋಟಾರ್ಸ್ ದಾವೆ ಹೂಡಿತು. 1997ರಲ್ಲಿ ಎರಡು ದೊಡ್ಡ ಕಂಪೆನಿಗಳೂ ರಾಜಿಯಾದವು. ಲೋಪೆಜ್ ಹೋದರೂ ಅವರ ಪದ್ಧತಿ ಹೋಗಲಿಲ್ಲ.

ಅದೇ ಜನರಲ್ ಮೋಟಾರ್ಸ್ ತನ್ನ ಬಿಡಿಭಾಗದ ವಿಭಾಗವನ್ನು 1999ರಲ್ಲಿ ಡೆಲ್ಫೈ ಎಂಬ ಬೇರೆ ಕಂಪೆನಿಯಾಗಿ ಹೊರಗಿಟ್ಟಿತು. 2005ರ ಅಕ್ಟೋಬರಿನಲ್ಲಿ ಡೆಲ್ಫೈ ದಿವಾಳಿ ಅರ್ಜಿ ಹಾಕಿತು, ಕಾರ್ಮಿಕರ ಗಂಟೆಯ ಕೂಲಿಯನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಬೇಕೆಂದು ಕೇಳಿತು. ಹಾಗಾದರೆ ನಮ್ಮ ಮಕ್ಕಳ ಮಾಲೀಕರು ಹೇಳುವುದರಲ್ಲಿ ನಿಜ ಇಲ್ಲದಿಲ್ಲ. ಆದರೆ ನಿಜವೂ ಒಮ್ಮೊಮ್ಮೆ ನೆಪವಾಗುತ್ತದೆ. ಮೇಲಿನವನು ಹತ್ತು ರೂಪಾಯಿ ಕಡಿದರೆ ನಡುವಿನವನು ತನ್ನ ಪಾಲನ್ನು ಹಾಗೆಯೇ ಇಟ್ಟುಕೊಂಡು ಆ ಹತ್ತನ್ನೂ ಕೆಳಕ್ಕೆ ದಾಟಿಸುವುದನ್ನು ಮೇಸ್ತ್ರಿಗಳ ಕಾಲದಿಂದಲೂ ನಾವು ಬಲ್ಲೆವು.

ಕಡಿತವು ಕೂಲಿಯಲ್ಲಿ ನಿಂತರೆ ಒಂದು ಬಗೆ. ಅದು ಜೀವದ ತನಕ ಹೋದ ಕತೆಯೂ ಇದೆ. ಕಾರು ಡಿಕ್ಕಿ ಹೊಡೆದಾಗ ಕ್ಷಣದಲ್ಲಿ ಉಬ್ಬಿ ಕೂತವರ ಎದೆ, ತಲೆ ಕಾಯುವ ಗಾಳಿಚೀಲವನ್ನು, ಅಂದರೆ ಏರ್‌ಬ್ಯಾಗನ್ನು, ನೀವು ಕೇಳಿರಬಹುದು. ಅದನ್ನು ಉಬ್ಬಿಸಲು ಲೋಹದ ಚಿಕ್ಕ ಡಬ್ಬಿಯೊಳಗೆ ಒಂದು ಸಿಡಿಮದ್ದು ಇರುತ್ತದೆ. ಜಪಾನಿನ ತಕಾಟಾ ಕಂಪೆನಿ ಈ ಮದ್ದಿಗೆ ಅಮೋನಿಯಂ ನೈಟ್ರೇಟನ್ನು ಬಳಸತೊಡಗಿತು. ಕಲ್ಲುಕ್ವಾರಿಯಲ್ಲಿ ಬಂಡೆ ಒಡೆಯುವುದಕ್ಕೂ ಇದೇ ಪದಾರ್ಥ. ಅಗ್ಗದ್ದು. ಆದರೆ ತೇವ ಹೀರುತ್ತದೆ. ಗೊಬ್ಬರದ ಮೂಟೆ ಮಳೆಗಾಲದಲ್ಲಿ ಸ್ಟೋರಿನಲ್ಲಿ ಬಿದ್ದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೇವವೂ ಬಿಸಿಲಿನ ಶಾಖವೂ ಸೇರಿ, ಕೆಲವು ವರ್ಷಗಳಲ್ಲಿ ಆ ಮದ್ದು ಕೆಡುತ್ತದೆ. ಆಗ ಅದು ಚೀಲವನ್ನು ಉಬ್ಬಿಸುವ ಬದಲು ಡಬ್ಬಿಯನ್ನೇ ಸೀಳುತ್ತದೆ.

ಸ್ವೀಡನ್ನಿನ ಆಟೋಲಿವ್ ಎಂಬ ಇನ್ನೊಂದು ಕಂಪೆನಿಯೂ ಏರ್‌ಬ್ಯಾಗ್ ಮಾಡುತ್ತಿತ್ತು. 1990ರ ದಶಕದ ಕೊನೆಯಲ್ಲಿ ಜನರಲ್ ಮೋಟಾರ್ಸ್ ಅದನ್ನು ಕರೆದು, ತಕಾಟಾದವರು ಶೇಕಡ 30ರಷ್ಟು ಅಗ್ಗಕ್ಕೆ ಕೊಡುತ್ತಾರೆ, ನೀವೂ ಆ ಬೆಲೆಗೆ ಕೊಡದಿದ್ದರೆ ವ್ಯಾಪಾರ ಅವರಿಗೆ ಎಂದು ತಿಳಿಸಿತೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2016ರ ಆಗಸ್ಟಿನಲ್ಲಿ ವರದಿ ಮಾಡಿತು. ಒಂದೊಂದು ಏರ್‌ಬ್ಯಾಗಿಗೆ ಉಳಿಯುತ್ತಿದ್ದುದು ಕೆಲವೇ ಡಾಲರು. ಆಟೋಲಿವ್‌ನ ವಿಜ್ಞಾನಿಗಳು ತಕಾಟಾದ ಮಾದರಿಯನ್ನು ಪರಿಶೀಲಿಸಿ, ಈ ಮದ್ದು ಅಪಾಯದ್ದು, ನಾವು ಇದನ್ನು ಹಾಕಲಾರೆವು ಎಂದರು. ಕಂಪೆನಿಯೂ ಅವರ ಮಾತಿಗೆ ಒಪ್ಪಿತು. ವ್ಯಾಪಾರ ಕೈಬಿಟ್ಟುಹೋಯಿತು.

ಸಹೋದರರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗುವುದಿಲ್ಲ ಎಂದು ಹೇಳಿದವರಿಗೆ ಆ ದಿನ ಯಾರೂ ಹಾರ ಹಾಕಲಿಲ್ಲ. ಆರ್ಡರು ಹೋದಾಗ ಆ ಕಾರ್ಖಾನೆಯ ಕಾರ್ಮಿಕರ ಮನೆಗಳಲ್ಲೂ ಚಿಂತೆ ಹೊಕ್ಕಿರಬೇಕು. ಸರಿಯಾದದ್ದನ್ನು ಮಾಡಿದವರು ಕಳೆದುಕೊಂಡರು, ಅಗ್ಗಕ್ಕೆ ಕೊಟ್ಟವರು ಗಳಿಸಿದರು, ಹತ್ತು ವರ್ಷಗಳ ಮಟ್ಟಿಗೆ ಲೋಕ ಹಾಗೆಯೇ ನಡೆಯಿತು. ಅನಂತರ ಸಣ್ಣಪುಟ್ಟ ಡಿಕ್ಕಿಗಳಲ್ಲಿ, ಗೀರೂ ಆಗದೆ ಇಳಿದು ಬರಬೇಕಾಗಿದ್ದವರು ಕತ್ತಿಗೆ ಲೋಹದ ಚೂರು ಹೊಕ್ಕು ಸತ್ತರು. ಅಮೆರಿಕವೊಂದರಲ್ಲೇ 25ಕ್ಕೂ ಹೆಚ್ಚು ಮಂದಿ. ಅಲ್ಲಿ ಸುಮಾರು 6 ಕೋಟಿ 70 ಲಕ್ಷ ಡಬ್ಬಿಗಳನ್ನು ವಾಪಸು ಕರೆಯಬೇಕಾಯಿತು. ನಮ್ಮ ದೇಶದಲ್ಲೂ ಹೋಂಡಾ ಮೊದಲಾದ ಕಂಪೆನಿಗಳು ಕಾರುಗಳನ್ನು ಕರೆದು ಡಬ್ಬಿ ಬದಲಿಸಿಕೊಟ್ಟವು.

2017ರ ಜನವರಿಯಲ್ಲಿ ತಕಾಟಾ ಅಮೆರಿಕದಲ್ಲಿ ವಂಚನೆಯ ತಪ್ಪನ್ನು ಒಪ್ಪಿಕೊಂಡಿತು. ಪರೀಕ್ಷೆಯ ಫಲಿತಾಂಶಗಳನ್ನು ಅದು ಮರೆಮಾಚಿತ್ತು. ಆ ಅಪರಾಧ ಅದರದ್ದೇ, ಯಾರ ದರದ ಒತ್ತಾಯವೂ ಅದನ್ನು ತೊಳೆಯದು. ಕೊಡಬೇಕಾದ ಹಣ 100 ಕೋಟಿ ಡಾಲರು ಎಂದು ಗೊತ್ತಾಯಿತು. ಅದರ ಹಂಚಿಕೆಯನ್ನು ಗಮನವಿಟ್ಟು ಕೇಳಿರಿ. ಸರಕಾರಕ್ಕೆ ದಂಡ 2.5 ಕೋಟಿ. ಗಾಯಗೊಂಡವರಿಗೂ ಸತ್ತವರ ಮನೆಯವರಿಗೂ 12.5 ಕೋಟಿ. ಉಳಿದ 85 ಕೋಟಿ ಡಾಲರು ಕಾರು ಕಂಪೆನಿಗಳಿಗೆ! ಅದೇ ವರ್ಷ ಜೂನ್ ತಿಂಗಳಲ್ಲಿ ತಕಾಟಾ ದಿವಾಳಿಯಾಯಿತು.

ಕಾನೂನು ಯಾವಾಗಲೂ ದೊಡ್ಡವರ ಕಡೆಗೇ ಇರುತ್ತದೆಂದು ತಿಳಿಯಬೇಡಿರಿ. ಟೀ ಎಲೆ ತೂಗುವಾಗ ತೇವಕ್ಕೆಂದು ಇಷ್ಟು, ಚೀಲಕ್ಕೆಂದು ಇಷ್ಟು ಎಂದು ಕಿಲೋ ಕಡಿಯುವುದು ನಮಗೆ ಗೊತ್ತಿದೆಯಷ್ಟೆ. ಜಪಾನಿನ ನಿಸ್ಸಾನ್ ಕಾರು ಕಂಪೆನಿ ಮಾಡಿದ್ದೂ ಇಂಥದೇ. ಬಿಡಿಭಾಗದವರ ಜೊತೆ ದರ ಒಪ್ಪಿಕೊಂಡ ಮೇಲೆ, ಹಣ ಕೊಡುವಾಗ ಒಂದು ಪಾಲನ್ನು ಹಿಡಿದುಕೊಂಡಿತು. 2021ರಿಂದ 2023ರ ತನಕ ಹೀಗೆ 36 ಚಿಕ್ಕ ಕಂಪೆನಿಗಳಿಂದ ಹಿಡಿದದ್ದು ಸುಮಾರು 302 ಕೋಟಿ ಯೆನ್. ಅಲ್ಲಿ 1956ರಿಂದ ಉಪಗುತ್ತಿಗೆಯವರ ರಕ್ಷಣೆಗಾಗಿಯೇ ಒಂದು ಕಾಯಿದೆ ಇದೆ. 2024ರ ಮಾರ್ಚಿನಲ್ಲಿ ಜಪಾನಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಇದು ಕಾಯಿದೆಗೆ ವಿರುದ್ಧವೆಂದು ಬಹಿರಂಗವಾಗಿ ಹೇಳಿತು. ನಿಸ್ಸಾನ್ ಹಣವನ್ನು ಹಿಂದಿರುಗಿಸಿತು. ನಮ್ಮ ದೇಶದಲ್ಲಿ 2006ರ ಕಾಯಿದೆಯ ಪ್ರಕಾರ ಚಿಕ್ಕ ಉದ್ಯಮದವರಿಗೆ 45 ದಿನಗಳೊಳಗೆ ಹಣ ಸಲ್ಲಬೇಕು. ಮಾಲೀಕನಿಗೆ ಹಣ ಬಂದರೂ ಹುಡುಗನಿಗೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಈಗ ನಮ್ಮ ಮಕ್ಕಳ ಬೆರಳುಗಳ ವಿಷಯ. ಹರಿಯಾಣದ ಗುರುಗಾಂವ್, ಫರೀದಾಬಾದ್ ಕಡೆಯ ಬಿಡಿಭಾಗದ ಕಾರ್ಖಾನೆಗಳಲ್ಲಿ ಪ್ರೆಸ್ ಯಂತ್ರಕ್ಕೆ ಬೆರಳು, ಕೈ ಕಳೆದುಕೊಂಡವರ ಬಗ್ಗೆ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ 2019ರಿಂದ ವರದಿಗಳನ್ನು ಹೊರತರುತ್ತಿದೆ. ಅಲ್ಲಿ ಗಾಯಗೊಂಡವರು ಸಾವಿರಾರು. ಹೆಚ್ಚಿನವರು ಊರು ಬಿಟ್ಟು ಬಂದ ಗುತ್ತಿಗೆಯವರು. ಕೈ ಅಡ್ಡ ಬಂದರೆ ಯಂತ್ರ ತಾನೇ ನಿಲ್ಲುವ ಸೆನ್ಸರು ಎಷ್ಟೋ ಯಂತ್ರಗಳಲ್ಲಿ ಇಲ್ಲ, ಇದ್ದರೂ ಕೆಟ್ಟಿರುತ್ತದೆ. ದರ ಇಳಿಸಬೇಕಾದಾಗ ಮೊದಲು ಮುಂದೂಡುವ ಖರ್ಚು ಇಂಥದೇ ಎಂದು ನಾವು ತಿಳಿಯುತ್ತೇವೆ. ಇನ್ನೊಂದು ಸಂಗತಿಯನ್ನೂ ಆ ವರದಿಗಳು ಹೇಳುತ್ತವೆ: ಬಹಳ ಮಂದಿಗೆ ಇ.ಎಸ್.ಐ. ಕಾರ್ಡು ಸಿಕ್ಕಿದ್ದು ಬೆರಳು ಹೋದ ಮೇಲೆ.

ತೋಟದವರಾದ ನಮಗೆ ತೋಟದ ಆಸ್ಪತ್ರೆಯೇ ರೂಢಿ, ಇ.ಎಸ್.ಐ. ಎಂದರೆ ಏನೆಂದು ಹಲವು ತಾಯಂದಿರಿಗೆ ತಿಳಿಯದು. ಕೆಲಸಕ್ಕೆ ಸೇರಿದೊಡನೆ ಹುಡುಗನ ಹೆಸರಿನಲ್ಲಿ ಒಂದು ನಂಬರು ಆಗಬೇಕು. ಗಾಯವಾದರೆ ಚಿಕಿತ್ಸೆ, ಕೆಲಸ ತಪ್ಪಿದ ದಿನಗಳಿಗೆ ಹಣ, ಅಂಗ ಹೋದರೆ ಪಿಂಚಣಿ ಎಲ್ಲವೂ ಆ ನಂಬರಿನ ಮೇಲೆ. ಮುಂದಿನ ಹಬ್ಬಕ್ಕೆ ಮಕ್ಕಳು ಬಂದಾಗ, ಊಟಕ್ಕೆ ಕೂತ ಮೇಲೆ, ಆ ನಂಬರು ಇದೆಯೇ ಎಂದು ಕೇಳಿರಿ. ಪ್ರೆಸ್ಸಿನಲ್ಲಿ ದುಡಿಯುವವನಾದರೆ ಕೈ ಅಡ್ಡ ಬಂದಾಗ ಯಂತ್ರ ನಿಲ್ಲುತ್ತದೆಯೇ ಎಂದೂ ಕೇಳಿರಿ. ನಂಬರು ಇಲ್ಲದವರ ಹೆಸರುಗಳನ್ನು ಬರೆದು ಕೂಟದ ಕಾರ್ಯದರ್ಶಿಗಳಿಗೆ ಕೊಟ್ಟರೆ, ನಾವು ಹೊಸೂರಿನಲ್ಲೂ ಕೊಯಮತ್ತೂರಿನಲ್ಲೂ ಇ.ಎಸ್.ಐ. ಕಚೇರಿಗೆ ಒಟ್ಟಾಗಿ ಹೋಗಿ ವಿಚಾರಿಸುತ್ತೇವೆ.