‘ಇನ್ನು ಸ್ವಲ್ಪ ಕೆಲಸ ಬಾಕಿ’

(ಜುಮುಅ ಖುತುಬಾದ ಸಾರಾಂಶ)



ಮೊದಲಾಗಿ ನಮಗೂ ನಿಮಗೂ ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂಬ ಉಪದೇಶವನ್ನು ನೀಡುತ್ತೇವೆ. ಅವನು ನಮ್ಮನ್ನು ಮಸೀದಿಯಲ್ಲಿ ನೋಡುವಂತೆಯೇ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲೂ ನೋಡುತ್ತಾನೆ.

ಇಂದಿನ ವಿಷಯ ಒಂದು ಜೀಪು. ಮಿಂಬರಿನ ಮೇಲೆ ಜೀಪಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆ ಜೀಪಿನ ಕಾರಣಕ್ಕೆ ನಮ್ಮ ಮೊಹಲ್ಲಾದ ಇಬ್ಬರು ಎಂಟು ತಿಂಗಳಿನಿಂದ ಒಬ್ಬರಿಗೊಬ್ಬರು ಸಲಾಂ ಹೇಳಿಲ್ಲ. ಒಬ್ಬ ನಮ್ಮ ಮಸೀದಿಗೆ ಬರುವುದನ್ನೇ ಬಿಟ್ಟು ಎರಡು ಕಿಲೋಮೀಟರ್ ದೂರದ ಮಸೀದಿಗೆ ಹೋಗುತ್ತಿದ್ದ. ಇಬ್ಬರ ಅನುಮತಿ ಪಡೆದೇ ಈ ವಿಷಯವನ್ನು ಹೇಳುತ್ತಿದ್ದೇವೆ. ಹೆಸರು ಹೇಳುವುದಿಲ್ಲ. ಗೊತ್ತಿರುವವರು ಪಕ್ಕದವರ ಕಿವಿಯಲ್ಲಿ ಹೇಳಬೇಡಿ, ಅದು ಗೀಬತ್ ಆಗುತ್ತದೆ.

ನಡೆದದ್ದು ಹೀಗೆ. ಒಬ್ಬ ಯುವಕ ಹಳೆಯ ಜೀಪು ತಂದು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಲು ಹೊರಟ. ಬೇರೆ ಗಾಡಿಯ ಎಂಜಿನ್ ತಂದು ಕೂರಿಸಿದ, ಟಿಂಕರಿಂಗ್ ಮಾಡಿಸಿ ಬಾಡಿ ಎಬ್ಬಿಸಿದ. ಎರಡು ವರ್ಷದಲ್ಲಿ 3,40,000 ರೂಪಾಯಿ ಅದಕ್ಕೇ ಹೋಯಿತು. ಅಷ್ಟರಲ್ಲಿ ತಂಗಿಯ ನಿಕಾಹ್ ನಿಶ್ಚಯವಾಯಿತು, ಕೈ ಬರಿದಾಯಿತು, ಜೀಪು ತಾಡಪತ್ರಿಯ ಕೆಳಗೆ ನಿಂತಿತು. ಗಲ್ಫಿನಿಂದ ಬಂದಿದ್ದ ಇನ್ನೊಬ್ಬ ಯುವಕ ಅದನ್ನು 2,10,000ಕ್ಕೆ ಕೇಳಿದ. 1,50,000 ನಗದು, ಉಳಿದ 60,000 ಮೂರು ತಿಂಗಳ ನಂತರ. “ಇನ್ನು ಸ್ವಲ್ಪ ಕೆಲಸ ಬಾಕಿ, ಪಾರ್ಟ್ಸ್ ಎಲ್ಲಾ ಗೋಣಿಚೀಲದಲ್ಲಿದೆ” ಎಂದು ಮಾರಿದವನು ಹೇಳಿದ. ಮಾತು ಮುಗಿದದ್ದು ಮದ್ರಸದ ಕೋಣೆಯಲ್ಲಿ, ನಮ್ಮ ಎದುರಿನಲ್ಲೇ. ಕೊಂಡವನು ನಮ್ಮ ಕಡೆ ತಿರುಗಿ, “ಉಸ್ತಾದರೇ, ಒಂದು ಕಾಗದ ಬರೆಯೋಣವೇ?” ಎಂದು ಕೇಳಿದ. ನಾವು ನಕ್ಕು, “ಒಂದೇ ಸಫ್‌ನಲ್ಲಿ ನಿಲ್ಲುವವರು ನೀವು, ನಿಮ್ಮೊಳಗೆ ಕಾಗದವೇಕೆ?” ಎಂದೆವು. ಈ ಮಾತಿಗೆ ಮುಂದೆ ಬರುತ್ತೇವೆ.

ಜೀಪು ಗ್ಯಾರೇಜಿಗೆ ಹೋಯಿತು. ನೆಲದ ತಗಡಿನ ಪೇಂಟ್ ಕೆರೆದರೆ ಪುಟ್ಟಿ, ಪುಟ್ಟಿ ಕೆರೆದರೆ ತುಕ್ಕು, ತುಕ್ಕು ಕೆರೆದರೆ ಕೆಳಗಿನ ನೆಲವೇ ಕಾಣಿಸಿತು. ಚಾಸಿಯ ಒಂದು ಕಡೆ ಬಿರುಕು ಬಿಟ್ಟು ವೆಲ್ಡ್ ಮಾಡಿದ ಗುರುತು. ಗೋಣಿಚೀಲ ಸುರಿದು ಜೋಡಿಸಿದರೆ ಗೇರ್‌ಬಾಕ್ಸಿನ ಎರಡು ಹಲ್ಲುಚಕ್ರಗಳೇ ಇಲ್ಲ. ಆರ್‌ಸಿಯಲ್ಲಿ ಇದ್ದ ಎಂಜಿನ್ ನಂಬರ್ ಒಂದು, ಜೀಪಿನಲ್ಲಿ ಕೂತ ಎಂಜಿನ್ ಇನ್ನೊಂದು. ಮೆಕ್ಯಾನಿಕ್ ಇನ್ನೂ 1,80,000 ಬೇಕು ಎಂದ. ಕೊಂಡವನು 60,000 ಕೊಡುವುದಿಲ್ಲ ಎಂದ. ಮಾರಿದವನು “ಇದ್ದದ್ದು ಇದ್ದಂತೆ ಮಾರಿದ್ದೇನೆ, ನೋಡಿಯೇ ತಗೊಂಡಿದ್ದಾನೆ” ಎಂದ.

ಸಹೋದರರೇ, ಅರ್ಧಕ್ಕೆ ನಿಂತ ವಸ್ತುವಿನ ವ್ಯಾಪಾರ ಇಂದು ನಿನ್ನೆಯದಲ್ಲ, ನಮ್ಮ ಊರಿನದು ಮಾತ್ರವೂ ಅಲ್ಲ. ಇಂಗ್ಲೆಂಡಿನಲ್ಲಿ ಲೋಟಸ್ ಸೆವೆನ್ ಎಂಬ ಕಾರು 1957ರಲ್ಲಿ ಬಂದಾಗ ಅದನ್ನು ಬಿಡಿಭಾಗಗಳ ಕಿಟ್ ಆಗಿಯೂ ಮಾರುತ್ತಿದ್ದರು. ಮನೆಯಲ್ಲೇ ಜೋಡಿಸಿಕೊಂಡರೆ ಆಗಿನ ಖರೀದಿ ತೆರಿಗೆ ಉಳಿಯುತ್ತಿತ್ತು. ಹಾಗೆ ಕಿಟ್ ತಂದು, ಅರ್ಧ ಜೋಡಿಸಿ, ಬೇಸತ್ತು ಇನ್ನೊಬ್ಬನಿಗೆ ಮಾರುವುದು ಅಲ್ಲಿ ಇಂದಿಗೂ ಮಾಮೂಲು. ನಮ್ಮ ದೇಶದಲ್ಲಿ ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಹಳೆಯ ಜೀಪುಗಳನ್ನು ಹೊಸದಾಗಿ ಕಟ್ಟಿಕೊಡುವುದಕ್ಕೇ ಹೆಸರಾಗಿದೆ. ಹವ್ಯಾಸ ತಪ್ಪಲ್ಲ. ಕೈಕೆಲಸ ಗೊತ್ತಿರುವ ಯುವಕ ಸಂಜೆ ಮೊಬೈಲ್ ಹಿಡಿದು ಕೂರುವ ಬದಲು ಸ್ಪ್ಯಾನರ್ ಹಿಡಿದರೆ ನಮಗೆ ಸಂತೋಷವೇ.

ಆದರೆ ಪೂರ್ತಿಯಾದ ಗಾಡಿಯನ್ನು ಓಡಿಸಿ ನೋಡಬಹುದು. ಬ್ರೇಕ್ ಹಿಡಿಯುತ್ತದೆಯೇ, ಗೇರ್ ಬೀಳುತ್ತದೆಯೇ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಬಿಚ್ಚಿಟ್ಟ ಗಾಡಿಯನ್ನು ಓಡಿಸುವುದು ಹೇಗೆ? ಅಲ್ಲಿ ಕೊಳ್ಳುವವನಿಗೆ ಇರುವುದು ಮಾರುವವನ ನಾಲಿಗೆ ಮಾತ್ರ. ಆ ನಾಲಿಗೆ “ಸ್ವಲ್ಪ” ಎಂದಾಗ ಅದರಲ್ಲಿ ವೈರಿಂಗ್, ಗಾಜು, ಸೀಟು, ಬ್ರೇಕ್, ಆರ್‌ಟಿಒ ಎಲ್ಲವೂ ಅಡಗಿರುತ್ತವೆ. ಮನೆ ಕಟ್ಟಿದವರಿಗೆ ಇದು ಗೊತ್ತು. ಸ್ಲ್ಯಾಬ್ ಬಿದ್ದಾಗ ಮನೆ ಮುಗಿದಂತೆ ಕಾಣುತ್ತದೆ, ಹಣ ನಿಜವಾಗಿ ಖರ್ಚಾಗುವುದು ಆಮೇಲೆ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ನೀವೆಲ್ಲ ಕೇಳಿದ್ದೀರಿ. ಮಳೆ ಬಿತ್ತು ಎಂದು ವ್ಯಾಪಾರಿ ಹೇಳಿದ. ಮಳೆ ಬಿದ್ದದ್ದು ಅವನ ತಪ್ಪಲ್ಲ. ಒದ್ದೆಯಾದ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲೆ ಇಡಲಿಲ್ಲವೇಕೆ ಎಂಬುದೇ ಪ್ರವಾದಿ(ಸ)ರ ಪ್ರಶ್ನೆಯಾಗಿತ್ತು. ವಂಚಿಸುವವನು ತಮ್ಮವನಲ್ಲ ಎಂದೂ ಅವರು ಎಚ್ಚರಿಸಿದರು. ಮುಸ್ಲಿಮ್ ಗ್ರಂಥದಲ್ಲಿ ಈ ಹದೀಸ್ ಇದೆ. ತುಕ್ಕು ಹಿಡಿಯುವುದೂ ಹಾಗೆಯೇ, ಕರಾವಳಿಯ ಉಪ್ಪುಗಾಳಿಗೆ ಯಾರ ಜೀಪೂ ಹೊರತಲ್ಲ. ಅದರ ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆಯುವ ಕೈ ಮಾತ್ರ ನಮ್ಮದು. ಹಾಲು ಕರೆಯದೆ ಕೆಚ್ಚಲು ಕಟ್ಟಿ, ಉಬ್ಬಿಸಿ ತೋರಿಸಿ ಪ್ರಾಣಿಯನ್ನು ಮಾರುವುದನ್ನು ಪ್ರವಾದಿ(ಸ)ರು ನಿಷೇಧಿಸಿದ್ದರು, ಕೊಂಡವನಿಗೆ ಹಿಂದಿರುಗಿಸುವ ಹಕ್ಕನ್ನೂ ಕೊಟ್ಟಿದ್ದರು. ಆ ಕೆಚ್ಚಲಿಗೂ ಈ ಪುಟ್ಟಿಗೂ ವ್ಯತ್ಯಾಸವೇನಿದೆ?

“ಇದ್ದಂತೆ ಮಾರಿದ್ದೇನೆ” ಎಂಬ ಮಾತಿಗೆ ಬರೋಣ. ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿ ಒಂದು ಘಟನೆ ಇದೆ. ಅಬ್ದುಲ್ಲಾ ಬಿನ್ ಉಮರ್(ರ)ರು ಯಾವ ದೋಷಕ್ಕೂ ತಾನು ಹೊಣೆಯಲ್ಲ ಎಂಬ ಷರತ್ತಿನ ಮೇಲೆ ಒಬ್ಬ ಗುಲಾಮನನ್ನು 800 ದಿರ್ಹಮಿಗೆ ಮಾರಿದ್ದರು. ಅವನಿಗೆ ಕಾಯಿಲೆ ಇದೆ, ತನಗೆ ಹೇಳಿಲ್ಲ ಎಂದು ಕೊಂಡವನು ದೂರು ಕೊಟ್ಟ. ಖಲೀಫ ಉಸ್ಮಾನ್(ರ)ರು, ಮಾರುವಾಗ ಆ ಕಾಯಿಲೆ ನಿಮಗೆ ತಿಳಿದಿರಲಿಲ್ಲವೆಂದು ಆಣೆ ಮಾಡಿ ಎಂದು ತೀರ್ಪಿತ್ತರು. ಇಬ್ನು ಉಮರ್(ರ)ರು ಆಣೆ ಮಾಡಲು ಒಪ್ಪದೆ ಅವನನ್ನು ವಾಪಸು ಪಡೆದರು. ಅವನು ಗುಣಮುಖನಾದ ಮೇಲೆ 1,500 ದಿರ್ಹಮಿಗೆ ಮಾರಾಟವಾದ. ಈ ಷರತ್ತಿನ ವ್ಯಾಪ್ತಿಯ ಬಗ್ಗೆ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಹನಫಿ ವಿದ್ವಾಂಸರು ಸಡಿಲ, ಶಾಫಿಈ ವಿದ್ವಾಂಸರು ಬಿಗಿ. ಆದರೆ ಗೊತ್ತಿದ್ದೂ ಮುಚ್ಚಿಡುವುದು ಪಾಪವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಮಾರಿದವನನ್ನು ನಾವು ಕರೆದು ಕೇಳಿದ್ದು ಇದೊಂದೇ ಪ್ರಶ್ನೆ: ಚಾಸಿಯ ಬಿರುಕು ನಿನಗೆ ಗೊತ್ತಿತ್ತೇ? ಅವನು ಬಹಳ ಹೊತ್ತು ತಲೆ ತಗ್ಗಿಸಿ ಕೂತ. ಆಮೇಲೆ “ಗೊತ್ತಿತ್ತು ಉಸ್ತಾದರೇ, ಮದುವೆಗೆ ಹನ್ನೆರಡು ದಿನ ಉಳಿದಿತ್ತು” ಎಂದ.

ಇದನ್ನು ಕೇಳಿ ಕೊಂಡವನು ಶುದ್ಧನೆಂದು ತಿಳಿಯಬೇಡಿ. ಶುಐಬ್(ಅ)ರು ತಮ್ಮ ಜನರಿಗೆ ಅಳತೆ ತೂಕದ ಜೊತೆಗೇ, ಜನರ ವಸ್ತುಗಳನ್ನು ಕಡಿಮೆ ಮಾಡಬೇಡಿ ಎಂದೂ ಬೋಧಿಸಿದ್ದನ್ನು ಕುರ್‌ಆನ್ ಅಲ್‌ಅಅ್‌ರಾಫ್ ಅಧ್ಯಾಯದಲ್ಲಿ ತಿಳಿಸುತ್ತದೆ. ವಸ್ತುವನ್ನು ಹೀಗಳೆದು ಬೆಲೆ ಇಳಿಸುವುದೂ ಇದರಲ್ಲಿ ಬರುತ್ತದೆ. ಮದುವೆಯ ದಿನಾಂಕ ಇವನಿಗೂ ಗೊತ್ತಿತ್ತು. ಎದುರಿನಲ್ಲಿ “ಇದು ಗುಜರಿಗೆ ಹಾಕುವ ಮಾಲು” ಎಂದವನು, ಚಹಾದ ಅಂಗಡಿಯಲ್ಲಿ “ಎಂಜಿನ್ ಒಂದಕ್ಕೇ ಒಂದು ಲಕ್ಷ ಇದೆ” ಎಂದು ಹೇಳಿಕೊಂಡು ತಿರುಗಿದ. ಜರೀರ್ ಬಿನ್ ಅಬ್ದುಲ್ಲಾ(ರ)ರಿಗಾಗಿ 300 ದಿರ್ಹಮಿಗೆ ಒಂದು ಕುದುರೆ ಗೊತ್ತಾದಾಗ, ಅದರ ಯೋಗ್ಯತೆ ಹೆಚ್ಚೆಂದು ಕಂಡು ಅವರೇ ಬೆಲೆ ಏರಿಸುತ್ತಾ ಹೋಗಿ 800 ಕೊಟ್ಟರೆಂದು ವರದಿಯಾಗಿದೆ. ಪ್ರತಿ ಮುಸ್ಲಿಮನಿಗೂ ಹಿತ ಬಯಸುತ್ತೇನೆಂದು ಪ್ರವಾದಿ(ಸ)ರಿಗೆ ಮಾತು ಕೊಟ್ಟಿದ್ದೇನೆ ಎಂಬುದು ಅವರ ಕಾರಣ. ನಮ್ಮಿಂದ ಅಷ್ಟು ಆಗದಿರಬಹುದು. ಕಷ್ಟದಲ್ಲಿರುವವನ ಕುತ್ತಿಗೆ ಹಿಡಿಯದಿರುವುದಾದರೂ ಆಗಬೇಕಲ್ಲವೇ?

60,000 ತಡೆಹಿಡಿದದ್ದೂ ಸರಿಯಲ್ಲ. ಮಾಲಿನಲ್ಲಿ ಮುಚ್ಚಿಟ್ಟ ದೋಷ ಕಂಡರೆ ಮೂಲ ನಿಯಮ ಮಾಲು ಹಿಂದಿರುಗಿಸಿ ಹಣ ಪಡೆಯುವುದು, ಇಲ್ಲವೇ ಒಪ್ಪಿ ಇಟ್ಟುಕೊಳ್ಳುವುದು. ಮಾಲೂ ತನ್ನ ಬಳಿ, ಬಾಕಿಯೂ ತನ್ನ ಬಳಿ, ಲೆಕ್ಕವೂ ತನ್ನದೇ ಎಂದರೆ ಆಗದು. ಆದರೆ ಇಲ್ಲಿ ಅವನು ಆಗಲೇ ನೆಲದ ತಗಡು ಕತ್ತರಿಸಿದ್ದಾನೆ, ಎಂಜಿನ್ ಬಿಚ್ಚಿದ್ದಾನೆ. ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸುವುದು ಸಾಧ್ಯವಿಲ್ಲ. ಇಂತಹ ಕಡೆ ಫಿಕ್‌ಹ್‌ನಲ್ಲಿ ‘ಅರ್ಶ್’ ಎಂಬ ಪರಿಹಾರವಿದೆ. ಹೇಳಿದಂತೆ ಇದ್ದಿದ್ದರೆ ಎಷ್ಟು ಬಾಳುತ್ತಿತ್ತು, ದೋಷದೊಂದಿಗೆ ಎಷ್ಟು ಬಾಳುತ್ತದೆ ಎಂದು ತಿಳಿದವರು ಬೆಲೆ ಕಟ್ಟಬೇಕು. ಎಷ್ಟನೇ ಒಂದು ಪಾಲು ಕಡಿಮೆಯೋ, ಒಪ್ಪಿದ ಬೆಲೆಯಲ್ಲಿ ಅಷ್ಟೇ ಪಾಲು ಕಡಿಮೆಯಾಗಬೇಕು.

ಇಬ್ಬರಿಗೂ ಸಂಬಂಧವಿಲ್ಲದ ಇಬ್ಬರು ಮೆಕ್ಯಾನಿಕರನ್ನು ನಾವು ಕರೆಸಿದೆವು. ಹೊರಗಿನಿಂದಲೇ ಕಾಣುತ್ತಿದ್ದ ತುಕ್ಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಂಡು ಕೊಂಡದ್ದಕ್ಕೆ ಪರಿಹಾರವಿಲ್ಲ ಎಂದು ತಿಳಿಸಿದೆವು. ಅವರು ಹೇಳಿದಂತೆ ಇದ್ದರೆ 2,40,000, ಈಗಿರುವಂತೆ 1,80,000 ಎಂದರು. ಅಂದರೆ ಕಾಲು ಭಾಗ ಕಡಿಮೆ. ಒಪ್ಪಿದ 2,10,000ದ ಕಾಲು ಭಾಗ 52,500. ಬಾಕಿ 60,000ದಲ್ಲಿ ಅದನ್ನು ಕಳೆದರೆ ಕೊಂಡವನು ಇನ್ನೂ 7,500 ಕೊಡಬೇಕು. ಎಂಟು ತಿಂಗಳ ಮುನಿಸಿನ ಕೊನೆಗೆ ಉಳಿದ ಮೊತ್ತ ಅಷ್ಟು.

ಇನ್ನು ಆರ್‌ಸಿ. ಅದು ಇಂದಿಗೂ ಮಾರಿದವನ ಹೆಸರಲ್ಲೇ ಇದೆ. ಕಾನೂನಿನ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ತಿಳಿಸಬೇಕು. ವರ್ಗಾವಣೆ ಆಗುವ ತನಕ ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸಬಾರದೆಂದು 2019ರಲ್ಲಿ ಅದೇ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ತೀರ್ಪಿತ್ತಿದೆ. ಜೀಪು ಕಟ್ಟುವ ಹುಡುಗರು ಹಣ ಹಾಕುವ ಮೊದಲೇ ಆರ್‌ಟಿಒಗೆ ಹೋಗಿ ಕೇಳಲಿ. ರಸ್ತೆಗಿಳಿಯಲಾಗದ ಗಾಡಿಯನ್ನು ಅದು ತಿಳಿಯದವನ ತಲೆಗೆ ಕಟ್ಟುವುದು ಮೇಲಿನ ಎಲ್ಲ ದೋಷಗಳಿಗಿಂತ ದೊಡ್ಡದು.

ಇನ್ನೊಬ್ಬನ ವಿಷಯ ಹೇಳಲಿಕ್ಕಿದೆ. ಚಾಸಿಗೆ ವೆಲ್ಡ್ ಮಾಡಿದವನೂ ನಮ್ಮ ಊರಿನವನೇ. ಕೊಂಡವನು ಮೊದಲೇ ಅವನ ಬಳಿ ವಿಚಾರಿಸಿದ್ದ. “ನನಗೇಕೆ ಅವರ ವ್ಯಾಪಾರದ ಗೊಡವೆ” ಎಂದು ಅವನು ಬಾಯಿ ಬಿಡಲಿಲ್ಲ. ಸಹಾಬಿ ವಾಸಿಲಾ(ರ)ರು ಒಬ್ಬ ಒಂಟೆ ಕೊಂಡು ಹೋಗುತ್ತಿದ್ದುದನ್ನು ನೋಡಿ ಹಿಂದೆ ಹೋಗಿ, ಮಾಂಸಕ್ಕೋ ಪ್ರಯಾಣಕ್ಕೋ ಎಂದು ಕೇಳಿದರು. ಹಜ್ಜ್ ಪ್ರಯಾಣಕ್ಕೆ ಎಂದಾಗ, ಇದರ ಪಾದದಲ್ಲಿ ತೂತಿದೆ ಎಂದು ತಿಳಿಸಿದರು. ಮಾರಿದವನು ಸಿಟ್ಟಾದಾಗ, ದೋಷ ತಿಳಿದವನು ಹೇಳದಿರುವುದು ಸಮ್ಮತವಲ್ಲ ಎಂದು ಪ್ರವಾದಿ(ಸ)ರಿಂದ ಕೇಳಿದ್ದೇನೆ ಎಂದರು. ಕೇಳದಿದ್ದರೂ ಅವರು ಹೇಳಿದರು. ನಮ್ಮವನು ಕೇಳಿದರೂ ಹೇಳಲಿಲ್ಲ.

ಕೊನೆಗೆ ನಮ್ಮ ತಪ್ಪು. ಕುರ್‌ಆನಿನ ಅತ್ಯಂತ ದೊಡ್ಡ ಸೂಕ್ತ ಅಲ್‌ಬಕರಃ ಅಧ್ಯಾಯದ 282ನೆಯದು. ಅದು ಇರುವುದು ಅವಧಿ ಇಟ್ಟ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ. ಮಕ್ಕಳಿಗೆ ವರ್ಷವೂ ಅದನ್ನು ಓದಿಸುವ ನಾವೇ, ಮೂರು ತಿಂಗಳ ಬಾಕಿ ಇದ್ದ ವ್ಯಾಪಾರಕ್ಕೆ ಕಾಗದವೇಕೆ ಎಂದು ನಕ್ಕೆವು. ಬರೆಯುವುದು ಅಪನಂಬಿಕೆ ಎಂದು ಎಲ್ಲಿಂದ ಕಲಿತೆವೋ! ಅಂದು ಚಾಸಿ ನಂಬರ್, ಎಂಜಿನ್ ನಂಬರ್, ಗೋಣಿಚೀಲದಲ್ಲಿ ಏನೇನಿದೆ, ಏನು ಮುಗಿದಿದೆ, ಏನು ಮುಗಿದಿಲ್ಲ, ಆರ್‌ಸಿ ಯಾವಾಗ ಯಾರು ಬದಲಾಯಿಸಬೇಕು ಎಂದು ಬರೆಯಲು ಕೂತಿದ್ದರೆ ಆ ಬರೆಯುವಾಗಲೇ ಬಿರುಕಿನ ಮಾತು ಹೊರಬರುತ್ತಿತ್ತು. ಇಬ್ಬರಲ್ಲೂ ನಾವು ಕ್ಷಮೆ ಕೇಳಿದ್ದೇವೆ, ನಿಮ್ಮೆಲ್ಲರ ಎದುರು ಇನ್ನೊಮ್ಮೆ ಕೇಳುತ್ತೇವೆ.

ಇಂದು ಇಬ್ಬರೂ ಈ ಮಸೀದಿಯಲ್ಲೇ ಇದ್ದಾರೆ. ಕೊಂಡವನು 7,500 ತಂದಿದ್ದಾನೆ. ಎಂಜಿನ್ ತಂದ ಕಡೆಯ ಕಾಗದಪತ್ರ ಹುಡುಕಿ ಕೊಡುವುದಾಗಿ, ಆರ್‌ಟಿಒಗೆ ಜೊತೆಯಲ್ಲೇ ಬರುವುದಾಗಿ ಮಾರಿದವನು ಒಪ್ಪಿದ್ದಾನೆ. ಗಾಡಿ ರಸ್ತೆಗಿಳಿಯದು ಎಂದು ಅಲ್ಲಿ ಹೇಳಿದರೆ ಮುಂದೇನು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಸುನ್ನತ್ ನಮಾಝ್ ಮುಗಿದ ಮೇಲೆ ಅದೇ ಮದ್ರಸದ ಕೋಣೆಯಲ್ಲಿ ಕೂರುತ್ತೇವೆ. ಸಾಕ್ಷಿಗೆ ಇಬ್ಬರು ಹಿರಿಯರು ಬೇಕು, ಬಿಡುವಿರುವವರು ದಯವಿಟ್ಟು ಉಳಿಯಿರಿ.