ಕಷಾಯವೂ ಇರಲಿ, ಇನ್ಹೇಲರೂ ಇರಲಿ
(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಕಲಿತು, ಮುಂದೆ ಆಯುರ್ವೇದ ಓದಿ, ಈಗ ತುಮಕೂರಿನಲ್ಲಿ ವೈದ್ಯನಾಗಿದ್ದೇನೆ. ‘ಉಬ್ಬಸಕ್ಕೆ ಗಿಡಮೂಲಿಕೆ ಏನು, ಅದನ್ನು ಹೇಳಿ’ ಎಂದು ಸಮಿತಿಯವರು ಕೇಳಿದ್ದಾರೆ. ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ.

ಕುಣಿಗಲ್ ಕಡೆಯ ನಮ್ಮ ದೊಡ್ಡಮ್ಮ ಬೀಡಿ ಮುಟ್ಟಿದವರಲ್ಲ. ನಲವತ್ತು ವರ್ಷ ತೆಂಗಿನ ಗರಿ, ಮಟ್ಟೆ, ಕರಟ ಉರಿಸಿ, ಊದುಗೊಳವೆ ಊದಿ ಅಡುಗೆ ಮಾಡಿದವರು. ಸದಾ ಕೆಮ್ಮು, ಕಫ, ನಾಲ್ಕು ಹೆಜ್ಜೆಗೇ ಏದುಸಿರು. ಆಸ್ಪತ್ರೆಯಲ್ಲಿ ಸಿಒಪಿಡಿ ಎಂದು ಬರೆದು ಇನ್ಹೇಲರ್ ಕೊಟ್ಟಿದ್ದರು. ನಾನು ಹೋಗಿ ಆಡುಸೋಗೆ, ಹಿಪ್ಪಲಿ, ಶುಂಠಿ ಹಾಕಿ ಕಷಾಯ ಕಾಯಿಸುವುದನ್ನು ತೋರಿಸಿಕೊಟ್ಟೆ. ಕಫ ಸಡಿಲವಾಯಿತು, ರಾತ್ರಿ ನಿದ್ದೆ ಬಂತು. ‘ನಮ್ಮ ಹುಡುಗನ ಮದ್ದೇ ಸಾಕು’ ಎಂದು ದೊಡ್ಡಮ್ಮ ಇನ್ಹೇಲರನ್ನು ಟ್ರಂಕಿಗೆ ಹಾಕಿಬಿಟ್ಟರು. ನಾನು ಕೇಳಲೂ ಇಲ್ಲ. ಮಾಗಿಯ ಚಳಿಯಲ್ಲಿ ಒಂದು ಬೆಳಗಿನ ಜಾವ ಉಸಿರು ಸಿಕ್ಕಿಕೊಂಡು, ತುಟಿ ನೀಲಿಗಟ್ಟಿ, ತುಮಕೂರಿಗೆ ಕರೆತಂದು ಆಮ್ಲಜನಕ ಕೊಡಿಸಬೇಕಾಯಿತು. ಬದುಕಿದರು. ಮೊದಲಿನಷ್ಟು ನಡೆಯಲು ಮಾತ್ರ ಆಗಲೇ ಇಲ್ಲ.

ಹಾಗಾದರೆ ಕಷಾಯ ಸುಳ್ಳೇ? ಅಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವಲ್ಲ, ಆ ಆಡೂ ಮೂಸಿ ಬಿಡುವಷ್ಟು ಕಹಿ ಈ ಆಡುಸೋಗೆ. ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಆಧರಿಸಿಯೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ತಯಾರಾದದ್ದು. ನಮ್ಮ ಬೇಲಿಯ ಉಮ್ಮತ್ತಿಯಲ್ಲಿ ಅಟ್ರೋಪಿನ್ ಇದೆ. ಅದರಿಂದ ರೂಪಿಸಿದ ಐಪ್ರಟ್ರೋಪಿಯಂ ಇಂದು ಇನ್ಹೇಲರಿನಲ್ಲಿದೆ. ಹಾಗೆಂದು ಉಮ್ಮತ್ತಿ ಎಲೆಯ ಹೊಗೆ ಸೇದಬೇಡಿ, ಅದು ವಿಷ.

ಆದರೆ ಸಿಒಪಿಡಿ ಬರೀ ಕಫದ ಕಾಯಿಲೆಯಲ್ಲ. ಗಾಳಿ ಹೋಗುವ ನಾಳಗಳು ಕಿರಿದಾಗಿರುತ್ತವೆ, ಒಳಗಿನ ಗಾಳಿಚೀಲಗಳ ಗೋಡೆ ಹಾಳಾಗಿರುತ್ತದೆ. ಹಾಳಾದ ಗೋಡೆಯನ್ನು ನನ್ನ ಕಷಾಯವೂ ಕಟ್ಟುವುದಿಲ್ಲ, ಅವರ ಗುಳಿಗೆಯೂ ಕಟ್ಟುವುದಿಲ್ಲ. ಕಿರಿದಾದ ನಾಳವನ್ನು ಅಷ್ಟಿಷ್ಟು ಹಿಗ್ಗಿಸುವುದು ಇನ್ಹೇಲರು. ಕಫ ಇಳಿದರೆ ರೋಗ ಇಳಿಯಿತು ಎಂದುಕೊಳ್ಳುವುದೇ ಮೋಸ. ಅದಕ್ಕೇ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಬೇಕು. ನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ, ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಶೇ. 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಹೊರಬಂದರೆ ಅಡಚಣೆ ಇದೆ ಎಂದರ್ಥ.

ಮನೆಮನೆಯಲ್ಲಿರುವ ಸಿತೋಪಲಾದಿ ಚೂರ್ಣದ ಲೆಕ್ಕ ಕೇಳಿ: ಕಲ್ಲುಸಕ್ಕರೆ 16 ಪಾಲು, ಬಿದಿರಿನೊಳಗೆ ಸಿಗುವ ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ! ಸಕ್ಕರೆ ಕಾಯಿಲೆಯವರು ಜೇನಿನಲ್ಲಿ ಕಲಸಿ ನೆಕ್ಕುತ್ತಾರೆ, ಗಿಡಮೂಲಿಕೆ ತಾನೇ ಎಂದು. ಅತಿಮಧುರ ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಬಸುರಿಯರಿಗೆ ಆಡುಸೋಗೆ ಬೇಡವೇ ಬೇಡ. ಸಿದ್ಧರಬೆಟ್ಟದ ಬೇರು ಎಂದು ಯಾರಾದರೂ ಪುಡಿ ಕೊಟ್ಟರೆ, ಅದರಲ್ಲಿ ಏನೇನಿದೆ ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಎಲ್ಲಕ್ಕಿಂತ ಮೊದಲು ಹೊಗೆ ನಿಲ್ಲಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೇ ಬಂದು ಕೆಲಸ ಮಾಡಿದರು. ಮೂರು ಪಾತ್ರೆ ಕೂರುವ, ಹೊಗೆಕೊಳವೆ ಇರುವ ಅಸ್ತ್ರ ಒಲೆ ಅವರದೇ. ದೊಡ್ಡಮ್ಮನ ಮನೆಗೆ ಅದು ಬರಲಿಲ್ಲ. ಈಗ ಅಡುಗೆಗೆ ಗ್ಯಾಸ್ ಬಂದಿದೆ ನಿಜ; ಆದರೆ ಬಚ್ಚಲ ಹಂಡೆಗೆ ಇನ್ನೂ ಮಟ್ಟೆ, ಕರಟವೇ. ಆ ಹೊಗೆಯಲ್ಲಿ ಕೂತು ಕಷಾಯ ಕುಡಿದರೆ ಏನು ಬಂತು?

ಮಾತು ಮುಗಿಸುತ್ತೇನೆ, ಊಟಕ್ಕೆ ಹೊತ್ತಾಯಿತು. ಊಟವಾದ ಮೇಲೆ ಆಟದ ಮೈದಾನದ ಬೇಲಿ ಹತ್ತಿರ ಬನ್ನಿ, ಆಡುಸೋಗೆ ಗಿಡ ತೋರಿಸುತ್ತೇನೆ. ಇನ್ಹೇಲರ್ ಇಟ್ಟುಕೊಂಡಿರುವವರು ಅದನ್ನೂ ತನ್ನಿ. ಎಳೆದುಕೊಳ್ಳುವ ರೀತಿ ಸರಿಯಾಗಿದೆಯೇ ನೋಡೋಣ.