ಚೀಟಿಯಲ್ಲಿ ಬಂದ ಪ್ರಶ್ನೆಗಳು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಭಾಷಣ ನನಗೆ ಬರುವುದಿಲ್ಲ, ಮಕ್ಕಳು ಏನಾದರೂ ಕೇಳಿದರೆ ಗೊತ್ತಿದ್ದಷ್ಟು ಹೇಳುತ್ತೇನೆ ಎಂದು ಮುಖ್ಯ ಗುರುಗಳಿಗೆ ಮೊದಲೇ ತಿಳಿಸಿದ್ದೆ. ಅವರು ಒಂದು ಡಬ್ಬಿ ಇಟ್ಟು ಚೀಟಿ ಹಾಕಿಸಿದ್ದಾರೆ. ಒಂದರಲ್ಲಿ 'ನಿಮ್ಮ ಪಗಾರ ಎಷ್ಟು' ಎಂದಿದೆ. ಆ ಚೀಟಿ ನನ್ನ ಜೇಬಿನಲ್ಲಿದೆ, ಅಲ್ಲೇ ಇರುತ್ತದೆ.

ಒಂಬತ್ತನೆಯ ತರಗತಿಯ ಒಬ್ಬಳು ಕೇಳಿದ್ದಾಳೆ: 'ಸ್ಟೇಷನ್ ಬೋರ್ಡಿನ ಮೇಲೆ ಮಳಖೇಡ ರೋಡ್ ಅಂತ ಯಾಕೆ ಬರೆದಾರ?' ಸ್ಟೇಷನ್ ಹೆಸರಿನ ಕೊನೆಗೆ 'ರೋಡ್' ಇದ್ದರೆ ಊರು ಇಲ್ಲಿಲ್ಲ, ಇಳಿದು ರಸ್ತೆ ಹಿಡಿದು ಹೋಗಬೇಕು ಎಂದು ಅರ್ಥ. ಅಷ್ಟೇ. ಆದರೆ ಆ ರಸ್ತೆ ಹಿಡಿದು ಹೋದರೆ ಸಿಗುವುದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕಾಗಿಣಾ ದಂಡೆಯ ಆ ಊರಿನಲ್ಲಿ ಕುಳಿತು ಅಮೋಘವರ್ಷ ಅರವತ್ತು ವರ್ಷಕ್ಕೂ ಮೇಲೆ ಆಳಿದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ. ರೈಲಿಗೆ ಅದೇನೂ ಗೊತ್ತಿಲ್ಲ, ಅದಕ್ಕೆ ಮಳಖೇಡ ಒಂದು 'ರೋಡ್'.

ಇನ್ನೊಂದು ಚೀಟಿ: 'ಸೇಡಂದಿಂದ ಹೈದರಾಬಾದ್‌ಗೆ ರೈಲು ನೆಟ್ಟಗೆ ಹೋಗ್ತದ, ಬೆಂಗಳೂರಿಗೆ ಯಾಕೆ ಸುತ್ತಬೇಕು?' ಹಳಿ ಹಾಕಿದವರ ರಾಜಧಾನಿ ಯಾವುದಿತ್ತೋ ಹಳಿ ಆ ಕಡೆ ಓಡುತ್ತದೆ. ಬೊಂಬಾಯಿಯಿಂದ ಬಂದ ಬ್ರಿಟಿಷ್ ಕಂಪನಿಯ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿ ವಾಡಿಯ ಮೇಲೆ ಹಾದುಹೋಗಿತ್ತು, ಹೈದರಾಬಾದು ಮಾತ್ರ ಪಕ್ಕಕ್ಕೆ ಉಳಿಯಿತು. ಆಗ ನಿಜಾಮ ಇನ್ನೂ ಬಾಲಕ, ದಿವಾನ ಸಾಲಾರ್ ಜಂಗ್. ಅವರ ಕಾಲದಲ್ಲಿ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಎಲ್ಲವೂ ಆ ಹಳಿಯ ಮೇಲೆ. ಈಗಲೂ ನಮ್ಮ ಸೇಡಂ ದಾರಿ ಸಿಕಂದರಾಬಾದ್ ವಿಭಾಗಕ್ಕೆ, ವಾಡಿಯಿಂದ ಕಲಬುರಗಿ ದಾರಿ ಸೊಲ್ಲಾಪುರ ವಿಭಾಗಕ್ಕೆ ಸೇರಿವೆ. ರಾಜ್ಯ ಬದಲಾಗಿ ಎಷ್ಟೋ ವರ್ಷ ಆಯಿತು, ಹಳಿ ಹಳೆಯ ಯಜಮಾನನನ್ನು ಮರೆತಿಲ್ಲ.

ಬಸ್ಸಿನದೂ ಅದೇ ಕಥೆ. 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸು, 166 ನೌಕರರನ್ನಿಟ್ಟುಕೊಂಡು ರಸ್ತೆ ಸಾರಿಗೆ ಶುರು ಮಾಡಿತು. ನಮ್ಮ ಕೆಂಪು ಬಸ್ಸಿನ ನಂಬರಿನಲ್ಲಿ 'ಕೆಎ 32' ಆದ ಮೇಲೆ 'ಎಫ್' ಯಾಕೆ ಎಂದೂ ಒಬ್ಬ ಕೇಳಿದ್ದಾನೆ. 32 ಕಲಬುರಗಿಯ ನಂಬರು, ಎಫ್ ಸರಕಾರಿ ಸಾರಿಗೆ ಬಸ್ಸುಗಳಿಗೆ ಎತ್ತಿಟ್ಟ ಅಕ್ಷರ.

ಇನ್ನು ಹೆಚ್ಚು ಚೀಟಿ ಬಂದಿರುವ ಪ್ರಶ್ನೆ. 'ಆಗಸ್ಟ್ 15ಕ್ಕೆ ಧ್ವಜ ಹಾರಿಸ್ತೀವಿ, ಮತ್ತ ಸೆಪ್ಟೆಂಬರ್ 17ಕ್ಕೂ ಯಾಕೆ?' 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಧ್ವಜ ಏರಿತು, ಆಡಕಿಯಲ್ಲಿ ಏರಲಿಲ್ಲ. ನಾವು ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ ಇದ್ದೆವು. ಸಂಸ್ಥಾನಕ್ಕೆ ತನ್ನದೇ ರೈಲು, ತನ್ನದೇ ಅಂಚೆ, ತನ್ನದೇ ರೂಪಾಯಿ. ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ ಸಿಕ್ಕಾ ರೂಪಾಯಿ ಲೆಕ್ಕ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ಮುಗಿಯಿತು. ಹದಿಮೂರು ತಿಂಗಳು ನಾವು ತಡ. ಆಮೇಲೆ 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಆದರೆ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನಿಮ್ಮಲ್ಲಿ ಎಷ್ಟೋ ಜನರ ಅತ್ತೆ, ಸೋದರಮಾವಂದಿರು ಆ ಗೆರೆಯ ಆಚೆ ಇದ್ದಾರೆ.

ಈ ತಡದ ವರ್ಷ ನಮ್ಮ ಮನೆಗೆ ಹೇಗೆ ಬಂದು ತಗುಲಿತು ಎಂದು ಹೇಳಬೇಕು. ನಮ್ಮ ಮುತ್ಯಾ ಹೊಲದ ಒಂದು ಕಾಗದ ಇಟ್ಟಿದ್ದ. ಮೂರು ಎಕರೆ ಕರಿ ಭೂಮಿ, ತೊಗರಿ ಬೆಳೆಯುವ ಹೊಲ. ಕಾಗದ ಉರ್ದುವಿನಲ್ಲಿ. ದಾಯಾದಿಗಳ ತಕರಾರು ಎದ್ದಾಗ ಅಪ್ಪ ಅದನ್ನು ನನ್ನ ಮುಂದೆ ಹಿಡಿದು, 'ನೀ ಸಾಲಿ ಕಲ್ತಾಂವ ಇದ್ದಿ. ಇದು ಯಾವ ವರ್ಷದ್ದು ಹೇಳಪ್ಪಾ' ಅಂದ. ಇದೇ ಶಾಲೆಯಲ್ಲಿ ಇತಿಹಾಸದಲ್ಲಿ ಒಳ್ಳೆಯ ಅಂಕ ತೆಗೆದವನು ನಾನು. ಓದಲು ಬರಲಿಲ್ಲ. ಉರ್ದು ಬಲ್ಲವರೊಬ್ಬರು ಅಂಕಿ ಓದಿ 1357 ಎಂದರು. ಅರ್ಜಿಯಲ್ಲಿ ಹಾಗೆಯೇ ಬರೆದುಕೊಟ್ಟೆ.

ಕಚೇರಿಯಲ್ಲಿ ಗುಮಾಸ್ತರು ನಕ್ಕರು. 'ನಿಮ್ಮ ಅಜ್ಜಗ ಹೊಲ ಹಸನ್ ಗಂಗು ಕೊಟ್ಟಾನೇನು?' ನಗುವುದಕ್ಕೆ ಕಾರಣ ಇತ್ತು. 1357ರಲ್ಲಿ ಗುಲ್ಬರ್ಗಾದಲ್ಲಿ ಬಹಮನಿ ರಾಜ್ಯ ಕಟ್ಟಿದ ಆ ಸುಲ್ತಾನನೇ ಇನ್ನೂ ಆಳುತ್ತಿದ್ದ! ಅರ್ಜಿ ವಾಪಸು ಬಂತು. ಅಪ್ಪ ಆ ನಗುವನ್ನು ಮನೆಗೆ ಬಂದೂ ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಬೇರೆಯವರಿಂದ.

ಕೊನೆಗೆ ದಾರಿ ತೋರಿಸಿದವರು ಒಬ್ಬ ವಯಸ್ಸಾದ ಪಟವಾರಿ. ಕಾಗದ ಕಣ್ಣಿಗೆ ಹತ್ತಿರ ಹಿಡಿದು, 'ಇದು ಫಸಲಿ ಸನ, ತಮ್ಮಾ. ಐದನೂರಾ ತೊಂಬತ್ತು ಕೂಡಿಸು' ಅಂದರು. ಫಸಲಿ ಎಂದರೆ ಫಸಲಿನ ವರ್ಷ. ಕಂದಾಯ ವಸೂಲಿಗೆಂದು ಮೊಗಲರ ಕಾಲದಲ್ಲಿ ಬಂದದ್ದು, ನಿಜಾಮರ ಕಚೇರಿಗಳಲ್ಲಿ ಕೊನೆಯವರೆಗೆ ನಡೆಯಿತು. 1357ಕ್ಕೆ 590 ಕೂಡಿಸಿದರೆ 1947. ಆ ವರ್ಷ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತಿತ್ತು, ಹಾಗಾಗಿ 1948ರ ಒಳಗೂ ಬರುತ್ತದೆ. ಲೆಕ್ಕ ಹಾಕಿ ನೋಡಿದೆ, ನಾವು ದೇಶದೊಳಗೂ ಇರದ, ಹೊರಗೂ ಇರದ ಆ ವರ್ಷವೇ ಅದು. ಊರೂರಲ್ಲಿ ರಜಾಕಾರರ ಅಂಜಿಕೆ ಇದ್ದ ಆ ದಿನಗಳಲ್ಲಿ ಮುತ್ಯಾ ಹೊಲದ ಕಂದಾಯ ಕಟ್ಟಿ ಕಾಗದ ಮಡಿಚಿ ಇಟ್ಟಿದ್ದ.

ಎರಡೂ ವರ್ಷ ಪಕ್ಕಪಕ್ಕದಲ್ಲಿ ಬರೆದು ಮತ್ತೆ ಅರ್ಜಿ ಹಾಕಿದೆವು. ಎರಡು ವರ್ಷ ಹಿಡಿಯಿತು, ಹೊಲ ಉಳಿಯಿತು. ಪಹಣಿಯಲ್ಲಿ ಹೆಸರು ಕೂತ ದಿನ ಅಪ್ಪ ನನಗೆ ಅಂದದ್ದು ಇಷ್ಟೇ: 'ಆ ಗುಮಾಸ್ತಗ ಹೋಗಿ ಹೇಳಿ ಬಾ, ಕೊಟ್ಟಾಂವ ಗಂಗು ಅಲ್ಲಂತ.' ನಾನು ಹೋಗಲಿಲ್ಲ. ಅಷ್ಟರಲ್ಲಿ ಅವರಿಗೆ ವರ್ಗ ಆಗಿತ್ತು.

ಮಕ್ಕಳೇ, ಇವತ್ತು ಮನೆಗೆ ಹೋದ ಮೇಲೆ ಹಳೆಯ ಟ್ರಂಕು ತೆರೆಯಲು ಅಜ್ಜಿಗೆ ಹೇಳಿರಿ. 13ರಿಂದ ಶುರುವಾಗುವ ವರ್ಷದ ಕಾಗದ ಸಿಕ್ಕರೆ ಒಲೆಗೆ ಹಾಕಬೇಡಿ, ನಾಳೆ ಸಮಾಜ ವಿಜ್ಞಾನದ ಗುರುಗಳಿಗೆ ತಂದು ತೋರಿಸಿರಿ. ನಮ್ಮ ಮುತ್ಯಾನ ಕಾಗದವನ್ನೂ ಇವತ್ತು ತಂದಿದ್ದೇನೆ. ಊಟ ಆದ ಮೇಲೆ ಎಂಟನೆಯ ತರಗತಿಯ ಕೋಣೆಯ ಮೇಜಿನ ಮೇಲೆ ಇಡುತ್ತೇನೆ. ಮುಟ್ಟುವವರು ಕೈ ತೊಳೆದುಕೊಂಡು ಬನ್ನಿ.